ಕೈ ಬದಲಾದ ಲ್ಯಾಬ್

ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ 'ಜೀವಕಣ' ಎಂಬ ರಕ್ತ ತಪಾಸಣೆ ಕೇಂದ್ರವಿತ್ತು. ಜುಲೈ ತಿಂಗಳ ಒಂದು ಸೋಮವಾರ ಆಯೇಶಾ ಎಂದಿನಂತೆ ಬೇಗ ಬಂದು ಅದರ ಬಾಗಿಲು ತೆಗೆದಳು. ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ಆಗಲೇ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದು, ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ ರಕ್ತ ತೆಗೆದು, ನಳಿಕೆಯ ಮೇಲೆ ಅವರ ಸರದಿಯ ಅಂಕಿ ಬರೆದಿಟ್ಟಳು. ಅವಳ ಕೈ ಹಗುರ. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ ಅಂತ ಮುದುಕರು ಊರಿಗೆ ಹೋಗಿ ಹೇಳುತ್ತಿದ್ದರು. ಎಲ್ಲರದೂ ಮುಗಿಸಿ, ಹೆಸರುಗಳನ್ನು ಕಂಪ್ಯೂಟರಿಗೆ ಹಾಕಿ, ನಳಿಕೆಗಳಿಗೆ ಅಂಟಿಸುವ ಚೀಟಿ ತೆಗೆಯೋಣವೆಂದು ಕೂತಳು. ಪಾಸ್‌ವರ್ಡ್ ನಡೆಯಲಿಲ್ಲ.

ಕೈತಪ್ಪಿ ಒತ್ತಿರಬೇಕು ಅಂದುಕೊಂಡು ಮತ್ತೆ ಹಾಕಿದಳು. ಮತ್ತೆ ಅದೇ ಕೆಂಪು ಅಕ್ಷರ. ನೆಟ್ ಸರಿಯಿತ್ತು, ಕರೆಂಟ್ ಸರಿಯಿತ್ತು. ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು. ದಿನಾ ಕನ್ನಡದಲ್ಲಿ ಮಾತಾಡುತ್ತಿದ್ದ ಹುಡುಗಿಯ ಬದಲು ಯಾರೋ ಹಿಂದಿಯಲ್ಲಿ ಮಾತಾಡಿದರು. ಬಾಗೇವಾಡಿ ಕೇಂದ್ರದ ಕರಾರು ಮಾರ್ಚ್ ಕೊನೆಗೇ ಮುಗಿದಿದೆ, ಈಗ ಆ ಊರಲ್ಲಿ ನಮ್ಮ ಕೇಂದ್ರವೇ ಇಲ್ಲ ಎಂದರು. ನಾನು ಈಗ ಅದೇ ಕೇಂದ್ರದಲ್ಲಿ ಕೂತು ಮಾತಾಡುತ್ತಿದ್ದೇನೆ ಎಂದು ಆಯೇಶಾ ಹೇಳಿದಳು. ಆಚೆ ಕಡೆಯವರು ಅವಳ ಹೆಸರು ಕೇಳಿ, ಸ್ವಲ್ಪ ಹೊತ್ತು ಹುಡುಕಿ, ಆ ಹೆಸರಿನವರು ಯಾರೂ ನಮ್ಮಲ್ಲಿಲ್ಲ ಎಂದು ಸೌಜನ್ಯದಿಂದಲೇ ಹೇಳಿ ಫೋನ್ ಇಟ್ಟರು.

ಆಯೇಶಾ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತಳು. ಅವಳ ಕೊರಳಲ್ಲಿ ಕಂಪನಿಯೇ ಕೊಟ್ಟ ಗುರುತಿನ ಚೀಟಿ ತೂಗಾಡುತ್ತಿತ್ತು. ಅದರಲ್ಲಿ ಅವಳ ಫೋಟೋ, ಅವಳ ಹೆಸರು, ಹೆಸರಿನ ಕೆಳಗೆ 'ಕೇಂದ್ರದ ಮಾಲೀಕರು' ಎಂದು ಅಚ್ಚಾಗಿತ್ತು.

ಈ ಕೇಂದ್ರವನ್ನು ಮೊದಲು ನಡೆಸುತ್ತಿದ್ದವನು ಇಂಗಳೇಶ್ವರದ ಸಂಜೀವಕುಮಾರ. ಇಂಥ ವ್ಯವಹಾರದಲ್ಲಿ ಜಾಗ, ಕುರ್ಚಿ, ಕೆಲಸದವರು ಎಲ್ಲ ನಡೆಸುವವನದು. ಹೆಸರು, ಬೋರ್ಡು, ಕಂಪ್ಯೂಟರಿನ ವ್ಯವಸ್ಥೆ, ವಿಜಯಪುರದ ದೊಡ್ಡ ಲ್ಯಾಬಿನಲ್ಲಿ ಆಗುವ ಪರೀಕ್ಷೆ ಇವೆಲ್ಲ ಕಂಪನಿಯದು. ಬಂದದ್ದರಲ್ಲಿ ಇಬ್ಬರಿಗೂ ಪಾಲು. ಫ್ರಾಂಚೈಸಿ ಅಂದರೆ ಇಷ್ಟೇ. ಆಯೇಶಾ ಲ್ಯಾಬ್ ಕೋರ್ಸ್ ಮುಗಿಸಿ ಸಂಜೀವಕುಮಾರನ ಕೈಕೆಳಗೆ ಕೆಲಸಕ್ಕೆ ಸೇರಿ ಹಲವು ವರ್ಷ ಆಗಿತ್ತು. ಅವನ ಹೆಂಡತಿ ಪ್ರಜ್ಞಾ ಹೈಸ್ಕೂಲ್ ಟೀಚರ್. ಆಕೆಗೆ ಮುದ್ದೇಬಿಹಾಳಕ್ಕೆ ವರ್ಗವಾದಾಗ ಸಂಜೀವಕುಮಾರ ತಾನೂ ಅಲ್ಲಿಗೇ ಹೋಗುವುದೆಂದು, ಕೇಂದ್ರವನ್ನು ಆಯೇಶಾಗೆ ಬಿಟ್ಟುಕೊಡುವುದೆಂದು ತೀರ್ಮಾನ ಮಾಡಿದ. ಹೊರಗಿನವರು ಕೆಲವರು ಹೆಚ್ಚು ಕೊಡುತ್ತೇವೆಂದು ಬಂದಿದ್ದರು. ಅವನು ಅವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಆಯೇಶಾಳ ತಂದೆ ಮೀರಾಸಾಬ ನಿವೃತ್ತ ಬಸ್ ಕಂಡಕ್ಟರ್. ಮಗಳ ಸಲುವಾಗಿ ತನಗೆ ಬಂದಿದ್ದ ನಿವೃತ್ತಿಯ ಹಣವನ್ನೆಲ್ಲ ಅದಕ್ಕೇ ಹಾಕಿದ್ದ.

ಕರಾರು ಮುಗಿಯುವುದೂ ಕೈ ಬದಲಾಗುವುದೂ ಒಟ್ಟಿಗೇ ಬಂದಿದ್ದರಿಂದ ಎರಡಕ್ಕೂ ಸೇರಿಸಿ ಜನವರಿಯಲ್ಲೇ ಅರ್ಜಿ ಕೊಟ್ಟಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕು ನೋಡಿಕೊಳ್ಳುತ್ತಿದ್ದ ಕಂಪನಿಯ ಏರಿಯಾ ಮ್ಯಾನೇಜರ್ ಧರ್ಮರಾಜ ತಾನೇ ಬಂದು ಕಾಗದ ಒಯ್ದಿದ್ದ. ಮಾಲೀಕರು ಹೂಂ ಅಂದಿದ್ದಾರೆ, ಇನ್ನು ಹೊಸ ಹೆಸರಲ್ಲೇ ನಡೆಸಿರಿ ಎಂದು ಮಾರ್ಚಿನಲ್ಲಿ ಬಂದು ಹೇಳಿಹೋಗಿದ್ದ. ಕಂಪನಿ ಆಯೇಶಾಳನ್ನು ತರಬೇತಿಗೆ ಕರೆಸಿತು, ಗುರುತಿನ ಚೀಟಿ ಕೊಟ್ಟಿತು, ತಿಂಗಳ ಪಾಲನ್ನು ಅವಳ ಖಾತೆಗೇ ಹಾಕಿತು. ಅನುಮಾನ ಪಡಲು ಯಾರಿಗೂ ಕಾರಣವೇ ಇರಲಿಲ್ಲ.

ಆಯೇಶಾ ಧರ್ಮರಾಜನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಸಂಜೀವಕುಮಾರನಿಗೆ ಹಚ್ಚಿದಳು. ಅವನು ಮೊದಲು ನಗುವ ದನಿಯಲ್ಲೇ ಮಾತಾಡಿದ. ಅವಳು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಆ ನಗು ಹೋಗಿತ್ತು. ಬರ್ತೇನಿ ಎಂದಷ್ಟೇ ಹೇಳಿ ಫೋನ್ ಇಟ್ಟ.

ಹೊರಗೆ ಜನ ಮೊಣಕೈ ಮಡಚಿ ಹತ್ತಿ ಒತ್ತಿಹಿಡಿದು ಕೂತಿದ್ದರು. ಒಳಗೆ ಅವರ ರಕ್ತ ನಳಿಕೆಗಳಲ್ಲಿ ಸಾಲಾಗಿ ನಿಂತಿತ್ತು. ಏನಾದರೂ ನೆವ ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಆಯೇಶಾಗೆ ನೆವ ಹೊಳೆಯಲೇ ಇಲ್ಲ. ಬಾಗಿಲಿಗೆ ಬಂದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಯಾರೂ ಜಗಳ ಮಾಡಲಿಲ್ಲ. ಇಂಗಳೇಶ್ವರದಿಂದ ಮೊದಲ ಬಸ್ಸಿಗೇ ಬಂದಿದ್ದ ಗುಂಡವ್ವ ಎಂಬ ಮುದುಕಿ ತನ್ನ ಮೊಣಕೈ ನೋಡಿಕೊಂಡು, ಆಮೇಲೆ ಆಯೇಶಾಳ ಮುಖ ನೋಡಿದಳು.

"ಅಂದ್ರ ನನ್ನ ರಗತ ಈಗ ಎಲ್ಲಿಗೆ ಹೋಗ್ತೈತಿ, ಯವ್ವಾ?"

ಆ ಮಾತು ಕಿವಿಗೆ ಬಿದ್ದ ಮೇಲೆ ಆಯೇಶಾಳ ಕೈಕಾಲಿಗೆ ಜೀವ ಬಂತು. ಕಂಪನಿಯ ಹೆಸರು ಯಾರದೇ ಇರಲಿ, ರಕ್ತ ಕೆಡುವ ಮೊದಲು ಎಲ್ಲಿಗಾದರೂ ಮುಟ್ಟಬೇಕು. ಅವಳ ಜೊತೆ ಕೋರ್ಸ್ ಮಾಡಿದ ಗೆಳತಿಯೊಬ್ಬಳು ವಿಜಯಪುರದಲ್ಲಿ ಬೇರೆ ಲ್ಯಾಬಿನಲ್ಲಿದ್ದಳು. ಆಕೆಗೆ ಫೋನ್ ಮಾಡಿ ಒಪ್ಪಿಸಿದಳು. ಯಾರಿಗೆ ಬೇಡವೋ ಅವರು ದುಡ್ಡು ವಾಪಸ್ ತೆಗೆದುಕೊಳ್ಳಿ ಎಂದಳು. ಯಾರೂ ಏಳಲಿಲ್ಲ. ನಳಿಕೆಗಳನ್ನು ಯಂತ್ರದಲ್ಲಿ ತಿರುಗಿಸಿ, ಕೈಯಿಂದಲೇ ಹೆಸರು ಬರೆದು ಅಂಟಿಸಿ, ಐಸ್ ಪೆಟ್ಟಿಗೆಗೆ ತುಂಬಿದಳು. ಮೀರಾಸಾಬ ಮನೆಯಿಂದ ಬಂದು, ಮಗಳ ಮುಖ ನೋಡಿ ಏನೂ ಕೇಳದೆ, ಪೆಟ್ಟಿಗೆ ಎತ್ತಿಕೊಂಡು ವಿಜಯಪುರದ ಬಸ್ ಹತ್ತಿದ.

ಅಷ್ಟರಲ್ಲಿ ಒಂದು ಟೆಂಪೋ ಬಂದು ಕೇಂದ್ರದ ಮುಂದೆ ನಿಂತಿತು. ಇಬ್ಬರು ಇಳಿದು ನಿಚ್ಚಣಿಕೆ ತೆಗೆದು ಗೋಡೆಗೆ ಹಚ್ಚಿದರು. ಬೋರ್ಡು ಇಳಿಸಲು ಬಂದಿದ್ದೇವೆ, ಕಂಪನಿಯ ಫ್ರಿಜ್ಜನ್ನೂ ಒಯ್ಯಬೇಕು ಎಂದರು. ನಿನ್ನೆ ಸಿಂದಗಿಯದನ್ನು ಇಳಿಸಿದೆವು, ನಾಳೆ ಇಂಡಿ ಎಂದೂ ಹೇಳಿದರು. ಅವರು ಬೋರ್ಡ್ ಬರೆಯುವ ಅಂಗಡಿಯ ಕೆಲಸದವರು. ಯಾರು ಕಳಿಸಿದರು, ಯಾಕೆ ಕಳಿಸಿದರು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಪುಣೆಯಿಂದ ಆರ್ಡರ್ ಬಂದಿದೆ ಎನ್ನುವುದಷ್ಟೇ ಗೊತ್ತು.

ಸಂಜೀವಕುಮಾರ ಮುದ್ದೇಬಿಹಾಳದಿಂದ ಬೈಕಿನಲ್ಲಿ ಬಂದಾಗ ಬೋರ್ಡಿನ ಒಂದು ಕಡೆ ಕಳಚಿ ಜೋಲುತ್ತಿತ್ತು. ಅವನು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಅದರ ಕೆಳಗೆ ನಿಂತ. ಆ ಬೋರ್ಡನ್ನು ಮೊದಲ ಸಲ ಏರಿಸಿದಾಗ ಕೆಳಗೆ ನಿಂತು ಹಿಡಿದುಕೊಂಡವನು ಅವನೇ. ಕೆಲಸದವರನ್ನು ಬೈಯಲು ಬಾಯಿ ತೆರೆದ, ಆದರೆ ಅವರ ಮೇಲೆ ಸಿಟ್ಟು ಮಾಡಿ ಏನು ಬಂತು ಅನ್ನಿಸಿತೋ ಏನೋ, ಪಕ್ಕಕ್ಕೆ ಸರಿದು ನಿಂತ. ಬೋರ್ಡು ನೆಲಕ್ಕೆ ಬಂತು. ಗೋಡೆಯಲ್ಲಿ ಅದರ ಅಳತೆಯ ಬೆಳ್ಳನೆ ಜಾಗ ಉಳಿಯಿತು.

ಮಧ್ಯಾಹ್ನ ಧರ್ಮರಾಜ ತಾನಾಗಿಯೇ ಬಂದ. ಅವನನ್ನು ನೋಡಿದ್ದೇ ಆಯೇಶಾಗೆ ಮೈ ಉರಿಯಿತು. ಆದರೆ ಅವನ ಅವಸ್ಥೆ ನೋಡಿ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಕಂಪನಿ ಕೊಟ್ಟಿದ್ದ ಬೈಕೂ ಇಲ್ಲ, ಫೋನೂ ಇಲ್ಲ, ಸಿಂದಗಿಯಿಂದ ಬಸ್ಸಿಗೆ ಬಂದಿದ್ದ. ವಿಜಯಪುರದ ಮಾಲೀಕರು ಇಡೀ ಕಂಪನಿಯನ್ನೇ ಪುಣೆಯ ದೊಡ್ಡ ಕಂಪನಿಯೊಂದಕ್ಕೆ ಮಾರಿದ್ದರು. ಲ್ಯಾಬು, ಹೆಸರು, ಊರೂರಿನ ಕರಾರುಗಳು ಎಲ್ಲ ಸೇರಿ ಹೋಗಿದ್ದವು. ಧರ್ಮರಾಜನ ಕೆಲಸವೂ ಹಿಂದಿನ ಶನಿವಾರವೇ ಹೋಗಿತ್ತು. ಕೇಂದ್ರಗಳನ್ನು ಮುಚ್ಚುತ್ತಾರೆ ಎನ್ನುವುದು ಅವನಿಗೆ ಸಿಂದಗಿಯ ಬೋರ್ಡು ಇಳಿದ ಮೇಲೆಯೇ ತಿಳಿದದ್ದು.

ಸಂಜೀವಕುಮಾರ ಒಂದೇ ಮಾತು ಕೇಳಿದ. ಜನವರಿಯಲ್ಲಿ ಕೊಟ್ಟ ಅರ್ಜಿಗೆ ಮಾಲೀಕರು ಸಹಿ ಹಾಕಿದ್ದರೋ ಇಲ್ಲವೋ?

ಧರ್ಮರಾಜ ತಲೆ ತಗ್ಗಿಸಿದ. "ಬಾಯಿಲೆ ಹೂಂ ಅಂದ್ರು, ಅಣ್ಣಾರ. ಸಹಿ ನಾಳೆ ಹಾಕ್ತೇನಿ ಅಂದ್ರು. ನಾನೂ ಮತ್ತ ಕೇಳಲಿಲ್ಲ."

ಸಂಜೀವಕುಮಾರ ರಕ್ತ ಕೊಡುವವರು ಕೂರುವ ಕುರ್ಚಿಯಲ್ಲಿ ಹೋಗಿ ಕೂತ. ಮಾಲೀಕರ ಒಪ್ಪಿಗೆ ಬಂದಿದೆಯೆಂದು ನಂಬಿ ತಾನು ಆ ಹುಡುಗಿಯಿಂದ, ಅವಳ ತಂದೆಯಿಂದ ಹಣ ತೆಗೆದುಕೊಂಡದ್ದು. ಈಗ ನೋಡಿದರೆ ತಾನು ಕೊಟ್ಟದ್ದು ಏನೂ ಅಲ್ಲ.

ಸಂಜೆ ಗೆಳತಿಯ ಲ್ಯಾಬಿನಿಂದ ವರದಿಗಳು ಬಂದವು. ಗುಂಡವ್ವನ ಸಕ್ಕರೆ ವಿಪರೀತ ಏರಿತ್ತು. ಆಯೇಶಾ ಆಕೆಯ ಮಗನಿಗೆ ಫೋನ್ ಮಾಡಿ ಮರುದಿನವೇ ಡಾಕ್ಟರಿಗೆ ತೋರಿಸಲು ಹೇಳಿದಳು. ಫೋನ್ ಇಟ್ಟು ಕೂತಳು. ಮುಂಜಾನೆ ನೆವ ಹೇಳಿ ಎಲ್ಲರನ್ನೂ ಕಳಿಸಿಬಿಟ್ಟಿದ್ದರೆ ಅನ್ನುವ ಯೋಚನೆ ಬಂದು, ಅಳು ಒತ್ತಿಕೊಂಡು ಬಂತು. ಇಡೀ ದಿನ ಬರದಿದ್ದ ಅಳು.

ಮರುದಿನ ಆಯೇಶಾ, ಸಂಜೀವಕುಮಾರ ಇಬ್ಬರೂ ವಕೀಲೆ ಶಿವಾನಿಯ ಹತ್ತಿರ ಹೋದರು. ಆಕೆ ಬಾಗೇವಾಡಿ ಕೋರ್ಟಿನಲ್ಲಿ ಹೆಸರು ಮಾಡುತ್ತಿದ್ದ ಹೆಣ್ಣುಮಗಳು. ಸಂಜೀವಕುಮಾರ ಹಿಂದೆ ಸಹಿ ಹಾಕಿದ್ದ ಕರಾರು ಇಂಗ್ಲಿಷಿನಲ್ಲಿತ್ತು. ಅವನು ಅದನ್ನು ಎಂದೂ ಪೂರ್ತಿ ಓದಿರಲಿಲ್ಲ. ಶಿವಾನಿ ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಕೇಂದ್ರವನ್ನು ಯಾರಿಗೂ ವರ್ಗ ಮಾಡುವ ಹಾಗಿಲ್ಲ. ಅವಧಿ ಮುಗಿದ ಮೇಲೆ ಮುಂದುವರಿಸುವುದು ಬಿಡುವುದು ಕಂಪನಿಯ ಮರ್ಜಿ. ಕೇಂದ್ರ ಬಿಟ್ಟ ಮೇಲೆ ಎರಡು ವರ್ಷ ಅದೇ ತಾಲೂಕಿನಲ್ಲಿ ಇದೇ ಕಸುಬು ಮಾಡುವ ಹಾಗಿಲ್ಲ.

"ಮತ್ತ ಕಂಪನಿ ತನ್ನ ಕರಾರು ಇನ್ನೊಬ್ಬರಿಗೆ ಕೊಡೂಮುಂದ?" ಆಯೇಶಾ ಕೇಳಿದಳು.

ಶಿವಾನಿ ಇನ್ನೊಂದು ಪುಟ ತಿರುವಿದಳು. "ಅದಕ್ಕ ಯಾರ ಒಪ್ಪಿಗೀನೂ ಬೇಕಿಲ್ಲ. ನಿಮಗ ತಿಳಿಸೂದೂ ಬೇಕಿಲ್ಲ. ಹಂಗಂತನ ಬರದೈತಿ."

ಸಂಜೀವಕುಮಾರ ಆ ಪುಟವನ್ನು ತನ್ನ ಕಡೆ ಎಳೆದುಕೊಂಡು ನೋಡಿದ. ಕೆಳಗೆ ಅವನದೇ ಸಹಿ. ಆಯೇಶಾ ಮೆಲ್ಲಗೆ, ಇದನ್ನು ತಡೆಯುವ ಕಾಯ್ದೆ ಇಲ್ಲವೇ ಎಂದು ಕೇಳಿದಳು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದೆ ಎಂದಳು ಶಿವಾನಿ. ಅಲ್ಲಿ ಸರಿಯಾದ ಕಾರಣ ಕೊಡದೆ ಹಳೆ ಫ್ರಾಂಚೈಸಿಯ ನವೀಕರಣ ನಿರಾಕರಿಸುವುದಾಗಲಿ, ಯೋಗ್ಯರಿಗೆ ವರ್ಗ ಮಾಡುವುದನ್ನು ತಡೆಯುವುದಾಗಲಿ ಸುಲಭವಿಲ್ಲವಂತೆ. ನಮ್ಮಲ್ಲಿ ಇದಕ್ಕೆಂದೇ ಬೇರೆ ಕಾಯ್ದೆ ಇಲ್ಲ. ಕರಾರು ಕಾಯ್ದೆ ಇದೆ, ಅದರಲ್ಲಿ ಸಿಕ್ಕಷ್ಟು ಹಿಡಿಯಬೇಕು.

ಹಿಡಿಯಲು ಎರಡು ಎಳೆ ಇವೆ ಎಂದು ಆಕೆ ವಿವರಿಸಿದಳು. ಒಂದು, ಏಪ್ರಿಲ್‌ನಿಂದ ಕಂಪನಿ ಆಯೇಶಾಳನ್ನು ಮಾಲೀಕಳೆಂದೇ ನಡೆಸಿಕೊಂಡಿದೆ, ತರಬೇತಿ ಕೊಟ್ಟಿದೆ, ಪಾಲು ಕೊಟ್ಟಿದೆ. ಸಹಿ ಇಲ್ಲದಿದ್ದರೂ ನಡತೆಯಿಂದ ಒಪ್ಪಿದಂತೆಯೇ ಎಂದು ವಾದ ಮಾಡಬಹುದು. ಗೆಲ್ಲುತ್ತೇವೆ ಎನ್ನುವ ಖಾತ್ರಿ ಇಲ್ಲ. ಇನ್ನೊಂದು, ಆ ಎರಡು ವರ್ಷದ ನಿರ್ಬಂಧ. ಕರಾರು ಮುಗಿದ ಮೇಲೆ ಒಬ್ಬರ ಕಸುಬನ್ನು ಕಟ್ಟಿಹಾಕುವ ಷರತ್ತು ನಮ್ಮ ಕಾಯ್ದೆಯ ಇಪ್ಪತ್ತೇಳನೆಯ ಕಲಮಿನ ಮುಂದೆ ನಿಲ್ಲುವುದಿಲ್ಲ. ಹೆಸರು ಅವರದು, ಅದನ್ನು ಬಿಡಬೇಕು. ಕಸುಬು ನಿನ್ನದು, ಅದನ್ನು ಬಿಡಬೇಕಾಗಿಲ್ಲ.

ಪುಣೆಗೆ ನೋಟಿಸ್ ಹೋಯಿತು. ಆ ವಾರದಲ್ಲೇ ಸಂಜೀವಕುಮಾರನಿಗೆ ಹೊಸ ಕಂಪನಿಯ ದೊಡ್ಡ ಅಧಿಕಾರಿಯೊಬ್ಬರ ಫೋನ್ ಬಂತು. ಬಲು ನಯವಾಗಿ ಮಾತಾಡಿದರು. ತಮ್ಮ ದಾಖಲೆಯಲ್ಲಿ ಬಾಗೇವಾಡಿಯ ಹಳೆ ಮಾಲೀಕರೆಂದು ಅವನ ಹೆಸರೇ ಇದೆ, ಅವನು ಬಯಸಿದರೆ ಕೂಡಲೇ ಅವನ ಹೆಸರಲ್ಲಿ ಮತ್ತೆ ಐದು ವರ್ಷಕ್ಕೆ ಬರೆದುಕೊಡುತ್ತೇವೆ ಎಂದರು. ಒಂದೇ ಒಂದು ಮಾತು ಬರೆದುಕೊಡಬೇಕು. ಕೇಂದ್ರವನ್ನು ತಾನು ಯಾರಿಗೂ ವರ್ಗ ಮಾಡಿಲ್ಲ, ಆಯೇಶಾ ತನ್ನ ಕೆಲಸದವಳು ಮಾತ್ರ.

ಅವನು ಬಾಗೇವಾಡಿಗೆ ಬಂದು ಇದನ್ನು ಆಯೇಶಾಗೆ ಹೇಳಿದ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದ. ಅವಳು ಬೋರ್ಡಿಲ್ಲದ ಕೇಂದ್ರದಲ್ಲಿ ಕುರ್ಚಿ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

"ಬರದು ಕೊಡ್ರಿ, ಅಣ್ಣಾರ. ನಾ ಮೊದಲಿನಂಗ ನಿಮ್ಮ ಕೈಕೆಳಗ ಕೆಲಸ ಮಾಡ್ತೇನಿ. ನಮ್ಮ ಅಬ್ಬಾ ಊಟಾನ ಬಿಟ್ಟು ಕುಂತಾರ."

ಸಂಜೀವಕುಮಾರ ಅವಳನ್ನು ನೋಡುತ್ತಲೇ ಇದ್ದ. ಕಂಪನಿ ಮಾರಿಹೋದದ್ದು ಕೇಳಿದಾಗಲೂ, ತನ್ನ ಸಹಿ ಕಂಡಾಗಲೂ ಅವನಿಗೆ ಇಷ್ಟು ಆಘಾತ ಆಗಿರಲಿಲ್ಲ. ಒಂದೇ ವಾರದಲ್ಲಿ ಈ ಹುಡುಗಿ ತನ್ನನ್ನು ತಾನೇ ಇಲ್ಲ ಅನ್ನಿಸಿಕೊಳ್ಳಲು ತಯಾರಾಗಿದ್ದಳು. ತನ್ನ ದೊಡ್ಡಪ್ಪ ಬಾಯಿಮಾತಿನ ಕರಾರಿನ ಮೇಲೆ ತಾನು ಉಳುತ್ತಿದ್ದ ಊರಿನ ಜಮೀನಿನ ಬಗ್ಗೆ ಹೀಗೇ ಒಂದು ದಿನ, ನಾ ಇಲ್ಲಿ ಕೂಲಿಯವ ಅಷ್ಟೇ ಎಂದು ಪಂಚರ ಮುಂದೆ ಹೇಳಿ ಬಂದದ್ದು, ಆ ಮೇಲೆ ಸಾಯುವತನಕ ಆ ಹೊಲದ ದಾರಿ ತುಳಿಯದೇ ಇದ್ದದ್ದು ಅವನು ಮನೆಯಲ್ಲಿ ಕೇಳಿ ಬೆಳೆದ ಸಂಗತಿ.

"ಕೊಟ್ಟೇನಿ ಅಂದಮ್ಯಾಲ ಕೊಟ್ಟೇನಿ," ಅಂದ. "ಕೊಟ್ಟಿಲ್ಲ ಅಂತ ಬರ್ಯಾಕ ನನ್ನ ಕೈಲೆ ಆಗೂದಿಲ್ಲ."

ಆಯೇಶಾ ಮತ್ತೆ ಒತ್ತಾಯ ಮಾಡಿದಳು. ಅವನು ಪ್ರಜ್ಞಾಗೆ ಫೋನ್ ಹಚ್ಚಿ ಆಯೇಶಾಳ ಕೈಗೆ ಕೊಟ್ಟ. ಪ್ರಜ್ಞಾ ಹೆಚ್ಚು ಮಾತಾಡಲಿಲ್ಲ. ಅವರು ಹಾಗೆ ಬರೆದುಕೊಟ್ಟರೆ ನಾನು ಶಾಲೆಯಲ್ಲಿ ಮಕ್ಕಳ ಮುಂದೆ ಹೇಗೆ ನಿಲ್ಲಲಿ ಎಂದು ಕೇಳಿದಳು. ಬೋರ್ಡಿನ ಹೆಸರಿಗೆಂದು ಪಡೆದ ಹಣವನ್ನು ಹಿಂದಿರುಗಿಸುವುದೆಂದು, ಕುರ್ಚಿ, ಯಂತ್ರಗಳದ್ದು ಮಾತ್ರ ಇಟ್ಟುಕೊಳ್ಳುವುದೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು, ಅದನ್ನೂ ಹೇಳಿದಳು. ಆಯೇಶಾಗೆ ಇದು ಇನ್ನೊಂದು ಪೆಟ್ಟಿನ ಹಾಗೇ ಬಡಿಯಿತು. ಕೆಟ್ಟ ಸುದ್ದಿಯನ್ನು ತಡೆದುಕೊಂಡಿದ್ದಳು. ಇದನ್ನು ತಡೆಯಲಾಗದೆ ಫೋನ್ ಹಿಡಿದುಕೊಂಡೇ ಗೋಡೆಗೆ ಒರಗಿದಳು.

ಪುಣೆಯ ಕಂಪನಿ ಸುಲಭಕ್ಕೆ ಬಗ್ಗಲಿಲ್ಲ. ವಿಜಯಪುರದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಮುಂದೆ ಸಂಧಾನಕ್ಕೆ ಕೂತರು. ಕಂಪನಿಯ ವಕೀಲರು ಕಂಪ್ಯೂಟರ್ ಪರದೆಯಲ್ಲಿ ಕಾಣಿಸಿಕೊಂಡರು. ಆಯೇಶಾ ಎನ್ನುವವರ ಜೊತೆ ತಮಗೆ ಸಂಬಂಧವೇ ಇಲ್ಲ ಎಂದು ಶುರುಮಾಡಿದರು. ಆಗ ಧರ್ಮರಾಜ ಎದ್ದು ನಿಂತ. ಅವನು ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ. ಹಳೆ ಕಂಪನಿಯಿಂದ ಬರಬೇಕಾದ ಅವನ ಸಂಬಳದ ಬಾಕಿ ಹೊಸ ಕಂಪನಿಯ ಕೈಯಲ್ಲೇ ಇತ್ತು. ಆದರೂ, ಕಾಗದ ಒಯ್ದವನು ನಾನು, ಮಾಲೀಕರು ಹೂಂ ಅಂದದ್ದನ್ನು ಕೇಳಿದವನು ನಾನು, ಇವರನ್ನು ತರಬೇತಿಗೆ ಕೂಡಿಸಿದವನೂ ನಾನು ಎಂದು ಹೇಳಿದ. ಪರದೆಯ ಮೇಲಿನ ವಕೀಲರು ಉತ್ತರ ಕೊಡಲು ಕಾಲಾವಕಾಶ ಕೇಳಿದರು.

ಕಡೆಗೆ ಆದದ್ದು ಇಷ್ಟು. 'ಜೀವಕಣ' ಹೆಸರು ಆಯೇಶಾಗೆ ಸಿಗಲಿಲ್ಲ. ಕೇಂದ್ರಕ್ಕೆಂದು ಕಂಪನಿಯಲ್ಲಿ ಕಟ್ಟಿದ್ದ ಠೇವಣಿ ವಾಪಸ್ ಬಂತು. ಎರಡು ವರ್ಷದ ನಿರ್ಬಂಧವನ್ನು ಕಂಪನಿ ಬರಹದಲ್ಲಿ ಕೈಬಿಟ್ಟಿತು. ಆಯೇಶಾ ಹೂಂ ಅಂದಳು. ವರ್ಷಗಟ್ಟಲೆ ಕೋರ್ಟಿಗೆ ಅಲೆದು ಆ ಹೆಸರನ್ನು ಗೆದ್ದರೂ, ನಾಳೆ ಮತ್ತೆ ಅದು ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು ಎಂದು ಮೀರಾಸಾಬನೇ ಹೇಳಿದ. ಸಿಂದಗಿಯ ಕೇಂದ್ರದವರು ಮಾತ್ರ ನಿರ್ಬಂಧಕ್ಕೆ ಹೆದರಿ ಅಷ್ಟರಲ್ಲಾಗಲೇ ಅಂಗಡಿ ಖಾಲಿ ಮಾಡಿ ಎಲ್ಲ ಸಾಮಾನು ಮಾರಿಬಿಟ್ಟಿದ್ದರು. ಆ ಷರತ್ತು ನಿಲ್ಲುವುದಿಲ್ಲ ಎಂದು ಶಿವಾನಿ ಅವರಿಗೆ ಫೋನಿನಲ್ಲಿ ಹೇಳಿದ್ದು ಆಮೇಲೆ.

ಆರೋಗ್ಯ ಇಲಾಖೆಯ ನೋಂದಣಿ ಆಯೇಶಾಳ ಹೆಸರಿಗೆ ಬರಲು ದೀಪಾವಳಿ ಹತ್ತಿರ ಬಂತು. ಅಷ್ಟರಲ್ಲಿ ಪುಣೆಯವರ ಹೊಸ ಕೇಂದ್ರ ಮುಖ್ಯ ರಸ್ತೆಯಲ್ಲಿ ಗಾಜಿನ ಬಾಗಿಲಿನೊಂದಿಗೆ ಶುರುವಾಗಿತ್ತು. ಜನ ಅಲ್ಲಿಗೂ ಹೋದರು. ಆಯೇಶಾಳ ಹತ್ತಿರ ಬರುವವರು ಮೊದಲಿನ ಅರ್ಧದಷ್ಟು ಉಳಿದರು.

ಕಲಬುರಗಿಯ ಒಂದು ಲ್ಯಾಬಿನವರು ಅವಳ ಜೊತೆ ಕರಾರು ಮಾಡಿಕೊಳ್ಳಲು ಮುಂದೆ ಬಂದರು. ಅವರ ಕಡೆಯಿಂದ ಬಂದ ಗುರುನಾಥ ಎಂಬ ಪ್ರತಿನಿಧಿ ಸಹಿ ಹಾಕುವ ಜಾಗಗಳಿಗೆ ಪೆನ್ಸಿಲ್ಲಿನಿಂದ ಗುರುತು ಮಾಡಿಟ್ಟಿದ್ದ. ಆಯೇಶಾ ಶಿವಾನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಾಲಿನಿಂದ ಓದಿಸಿದಳು. ಅವನಿಗೆ ಚಹಾ ತರಿಸಿದಳು, ಅದು ಆರಿತು. ಎರಡು ಮಾತು ಸೇರಿಸಬೇಕೆಂದು ಆಯೇಶಾ ಹೇಳಿದಳು. ಕೇಂದ್ರವನ್ನು ಬೇರೆಯವರಿಗೆ ಕೊಡಲು ತಾನು ಅರ್ಜಿ ಹಾಕಿದರೆ, ಒಂದು ತಿಂಗಳೊಳಗೆ ಕಾರಣ ಬರೆದು ಬೇಡ ಅನ್ನದಿದ್ದರೆ ಅದು ಒಪ್ಪಿಗೆಯೇ. ಕಂಪನಿ ಬೇರೆಯವರ ಕೈಗೆ ಹೋಗುವುದಾದರೆ ತನಗೆ ಮೊದಲೇ ತಿಳಿಸಬೇಕು.

ಗುರುನಾಥ ಬೆಪ್ಪಾಗಿ ನೋಡಿದ. ಇಷ್ಟು ವರ್ಷದಲ್ಲಿ ಯಾವ ಊರಲ್ಲೂ ಯಾರೂ ಇದನ್ನು ಕೇಳಿಲ್ಲ, ನಮ್ಮ ಸಾಹೇಬರು ಒಪ್ಪಲಿಕ್ಕಿಲ್ಲ ಎಂದ.

"ಕೇಳಿ ನೋಡ್ರಿ," ಎಂದಳು ಆಯೇಶಾ.

ಅವನು ಫೋನ್ ಹಿಡಿದು ಓಣಿಗೆ ಇಳಿದ. ಅಡ್ಡಾಡುತ್ತ, ಕೈ ಆಡಿಸುತ್ತ, ಬಹಳ ಹೊತ್ತು ಮಾತಾಡಿದ. ಒಳಗೆ ಬಂದು ಮೊದಲನೆಯದಕ್ಕೆ ಒಪ್ಪಿದ್ದಾರೆ, ಎರಡನೆಯದಕ್ಕೆ ಇಲ್ಲ ಎಂದ. ಆಯೇಶಾ ಶಿವಾನಿಯ ಮುಖ ನೋಡಿದಳು. ಶಿವಾನಿ ನಿನ್ನ ಇಷ್ಟ ಎನ್ನುವಂತೆ ಕಾಗದವನ್ನು ಅವಳ ಕಡೆ ಸರಿಸಿದಳು. ಹೊರಗೆ ಒಬ್ಬ ಬಸುರಿ ಹೆಣ್ಣುಮಗಳು ತಾಯಿಯ ಜೊತೆ ಬಂದು, ರಕ್ತ ಇಲ್ಲೇ ತೆಗೀತಾರೇನು ಎಂದು ಕೇಳುತ್ತಿದ್ದಳು.

ಒಪ್ಪಿದ ಮಾತನ್ನು ಅವನ ಕೈಯಿಂದಲೇ ಕರಾರಿನಲ್ಲಿ ಬರೆಸಿ, ಅದರ ಪಕ್ಕ ಅವನ ಸಹಿ ಹಾಕಿಸಿ, ಆಮೇಲೆ ಆಯೇಶಾ ತನ್ನ ಸಹಿ ಹಾಕಿದಳು. ಕೈ ತೊಳೆದುಕೊಂಡು, ಆ ಹೆಣ್ಣುಮಗಳನ್ನು ಒಳಗೆ ಕರೆದಳು.